ಇಟ್ಟದ್ದು ಇಪ್ಪತ್ತೈದು, ಎದ್ದದ್ದು ನಲವತ್ತೈದು

ಅಂಗೈಯಗಲದ ಒಂದು ಅಲ್ಯುಮಿನಿಯಂ ಬಿಲ್ಲೆ. ದಪ್ಪ 25 ಮಿಲಿಮೀಟರ್, ಬೋಲ್ಟ್ ತೂರಲು ಸುತ್ತ ತೂತುಗಳು. ಮಹೀಂದ್ರ ಥಾರ್‌ನಂಥ ಗಾಡಿಯ ಮುಂದಿನ ಸ್ಪ್ರಿಂಗಿನ ನೆತ್ತಿಗೂ ಅದು ಬಂದು ಕೂರುವ ಚಾಸಿಗೂ ನಡುವೆ ಇದನ್ನು ಸೇರಿಸಿ, ಬೋಲ್ಟ್ ಬಿಗಿದು, ಗಾಡಿಯನ್ನು ಜಾಕಿನಿಂದ ಕೆಳಗಿಳಿಸಿ ಅಳೆದರೆ ಮೂತಿ 25 ಮಿಲಿಮೀಟರ್ ಮೇಲೇಳಬೇಕಿತ್ತು. ಏಳುವುದು ಹೆಚ್ಚುಕಡಿಮೆ 45. ಮೊದಲ ಸಲ ನೋಡಿದವರು ಟೇಪನ್ನು ಇನ್ನೊಮ್ಮೆ ಹಿಡಿದು ನೋಡುತ್ತಾರೆ. ಉಳಿದ 20 ಮಿಲಿಮೀಟರ್ ಎಲ್ಲಿಂದ ಬಂತು?

ಇದು ಸನ್ನೆಯ ಕೆಲಸ. ಮುಂದಿನ ಎರಡು ಚಕ್ರಗಳಿಗೂ ತಮ್ಮ ತಮ್ಮ ಪಾಡು ನೋಡಿಕೊಳ್ಳುವ ಸ್ವಾತಂತ್ರ್ಯ ಕೊಟ್ಟ ವ್ಯವಸ್ಥೆಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಎನ್ನುತ್ತಾರೆ. 2020ರ ಥಾರ್‌ನ ಮುಂಭಾಗದಲ್ಲಿರುವುದು ಅದರಲ್ಲೊಂದು ಬಗೆ, ಡಬಲ್ ವಿಶ್‌ಬೋನ್. ಒಂದೊಂದು ಚಕ್ರವನ್ನೂ ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುತ್ತವೆ. ಆರ್ಮ್‌ಗಳ ಒಳತುದಿ ಚಾಸಿಗೆ ಬಾಗಿಲ ತಿರುಗಣಿಯ ಹಾಗೆ ಸಿಕ್ಕಿಕೊಂಡಿದೆ, ಹೊರತುದಿ ಚಕ್ರದ ಜೊತೆ ಏರಿಳಿಯುತ್ತದೆ. ಸ್ಪ್ರಿಂಗ್ ನಿಂತಿರುವುದು ಚಕ್ರದ ಮೇಲಲ್ಲ, ಕೆಳಗಿನ ಆರ್ಮ್‌ನ ನಡುಭಾಗದಲ್ಲಿ. ಹಾಗಾಗಿ ಚಕ್ರ 100 ಮಿಲಿಮೀಟರ್ ಏರಿದರೆ ಸ್ಪ್ರಿಂಗ್ ಕುಗ್ಗುವುದು 55 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಗಾಡಿಯಿಂದ ಗಾಡಿಗೆ ಈ ಅಂಕಿ ಬದಲಾಗುತ್ತದೆ, ಆದರೆ ಅರ್ಧದ ಆಸುಪಾಸಿನಲ್ಲೇ ಇರುವುದು ಸಾಮಾನ್ಯ. ಸ್ಪ್ರಿಂಗಿನ ಜಾಗದಲ್ಲಿ 25 ಮಿಲಿಮೀಟರ್ ಸೇರಿಸಿದರೆ ಚಕ್ರದ ಜಾಗದಲ್ಲಿ ಅದು 25 ಭಾಗಿಸು 0.55, ಅಂದರೆ 45. ದೂರದಲ್ಲಿ ಸಿಕ್ಕ ಲಾಭವನ್ನು ಸನ್ನೆ ಬಲದಲ್ಲಿ ವಸೂಲು ಮಾಡುತ್ತದೆ. ಚಕ್ರದ ಮೇಲೆ ಗಾಡಿಯ 450 ಕಿಲೋ ಭಾರ, ಅಂದರೆ ಸುಮಾರು 4,400 ನ್ಯೂಟನ್ ಬಲ ಬಿದ್ದಿದ್ದರೆ ಸ್ಪ್ರಿಂಗ್ ಹೊರಬೇಕಾದದ್ದು 8,000 ನ್ಯೂಟನ್.

ಈ 8,000ವನ್ನು ಬಿಡದೆ ಹಿಡಿದುಕೊಂಡರೆ ಆಫ್‌ರೋಡ್ ಮಂದಿಯ ಒಂದು ಹಳೆಯ ನಂಬಿಕೆಯನ್ನು ಇಲ್ಲೇ ಪರೀಕ್ಷಿಸಬಹುದು. ಬಿಲ್ಲೆ ಹಾಕಿದರೆ ಸ್ಪ್ರಿಂಗ್ ಹೆಚ್ಚು ಅದುಮಿಕೊಳ್ಳುತ್ತದೆ, ಅದಕ್ಕೇ ಗಾಡಿ ಗಡುಸಾಗುತ್ತದೆ ಎನ್ನುವ ಮಾತನ್ನು ಮೆಕ್ಯಾನಿಕ್‌ಗಳೂ ಆಡುತ್ತಾರೆ, ಗಾಡಿ ಮಾಲೀಕರೂ ಆಡುತ್ತಾರೆ. ವಿಜ್ಞಾನಿ ರಾಬರ್ಟ್ ಹುಕ್ ಹದಿನೇಳನೇ ಶತಮಾನದಲ್ಲೇ ಹೇಳಿದಂತೆ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆ ಎಂಬುದು ಅದರ ಮೇಲೆ ಬಿದ್ದ ಬಲಕ್ಕೆ ಅನುಗುಣ. ನಮ್ಮ ಸ್ಪ್ರಿಂಗ್ ಮಿಲಿಮೀಟರಿಗೆ 100 ನ್ಯೂಟನ್ ಬಿಗುವಿನದ್ದಾದರೆ 8,000 ನ್ಯೂಟನ್ನಿಗೆ 80 ಮಿಲಿಮೀಟರ್ ಕುಗ್ಗುತ್ತದೆ. ಬಿಲ್ಲೆ ಹಾಕಿದ ಮೇಲೆ ಗಾಡಿಯ ತೂಕ ಹೆಚ್ಚಿತೇ? ಇಲ್ಲ. ನೆಲದ ಮೇಲೆ ನಿಂತ ಗಾಡಿಯಲ್ಲಿ ಸ್ಪ್ರಿಂಗ್ ಆಗಲೂ 80, ಈಗಲೂ 80. ಬಿಲ್ಲೆಯ ದಪ್ಪವಷ್ಟೂ ಚಾಸಿಯನ್ನು ಎತ್ತಲು ಹೋಗಿರುತ್ತದೆ, ಸ್ಪ್ರಿಂಗನ್ನು ಅದುಮಲು ಏನೂ ಉಳಿದಿರುವುದಿಲ್ಲ. ಗಾಡಿಯ ಮೂತಿ ಸೆಕೆಂಡಿಗೆ ಸುಮಾರು 1.3 ಸಲ ತೂಗುತ್ತಿದ್ದದ್ದು ಈಗಲೂ ಅಷ್ಟೇ ಸಲ ತೂಗುತ್ತದೆ. ಹೆಚ್ಚು ಬಿಗುವಿನ ಬೇರೆ ಸ್ಪ್ರಿಂಗ್ ಹಾಕಿಯೇ ಎತ್ತರಿಸಿದರೆ ಮಾತು ಬೇರೆ.

ಟಾಟಾ ಸಫಾರಿಯ ಮೊದಲ ತಲೆಮಾರು, ಹಳೆಯ ಥಾರ್ ಸಿಆರ್‌ಡಿಇ ಇವುಗಳ ಮುಂದಿನ ಚಕ್ರಕ್ಕೆ ಸುರುಳಿ ಸ್ಪ್ರಿಂಗ್ ಬದಲು ಚಾಸಿಯ ಉದ್ದಕ್ಕೆ ಮಲಗಿದ ಟಾರ್ಷನ್ ಬಾರ್ ಇತ್ತು. ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು ಅದು. ಅದರ ಕೊನೆಯ ಒಂದು ಬೋಲ್ಟನ್ನು ಸ್ಪ್ಯಾನರಿನಲ್ಲಿ ಬಿಗಿದರೆ ಸಾಕು, ಗಾಡಿ ಎದ್ದು ನಿಲ್ಲುತ್ತಿತ್ತು. ಬಿಲ್ಲೆ ಬೇಡ, ಖರ್ಚೂ ಇಲ್ಲ. ಅಲ್ಲಿಯೂ ಇದೇ ಲೆಕ್ಕ: ಎಷ್ಟೇ ತಿರುಗಿಸಿದರೂ ಸರಳಿನ ಬಿಗುವು ಬದಲಾಗುವುದಿಲ್ಲ.

ಆದರೂ ಲಿಫ್ಟ್ ಮಾಡಿಸಿದ ಗಾಡಿ ಹಂಪ್ ಇಳಿಯುವಾಗ ಟಕ್ ಎಂದು ಹೊಡೆಯುತ್ತದಲ್ಲ? ಹೊಡೆಯುತ್ತದೆ, ಮಾಲೀಕರ ದೂರು ಸುಳ್ಳಲ್ಲ. ಅವರು ಹುಡುಕುತ್ತಿರುವ ಜಾಗ ಮಾತ್ರ ತಪ್ಪು. ಆ ಸದ್ದು ಸ್ಪ್ರಿಂಗಿನದಲ್ಲ, ಶಾಕ್ ಅಬ್ಸಾರ್ಬರಿನದು.

ಈ ವಿದ್ಯೆಯ ಒಳಗುಟ್ಟು ಇರುವುದೇ ಇಲ್ಲಿ. ಚಕ್ರ ಮೇಲೇರಬಹುದಾದ ಗರಿಷ್ಠ ಬಿಂದು ಒಂದಿದೆ, ಅಲ್ಲಿ ರಬ್ಬರ್ ಸ್ಟಾಪರ್ ತಡೆಯುತ್ತದೆ. ಕೆಳಗೆ ಜೋತುಬೀಳುವುದಕ್ಕೂ ಒಂದು ಮಿತಿ ಇದೆ, ಅಲ್ಲಿ ಶಾಕ್ ಅಬ್ಸಾರ್ಬರಿನ ಕೊಳವೆ ಪೂರ್ತಿ ಚಾಚಿ ನಿಲ್ಲುತ್ತದೆ. ಇವೆರಡರ ನಡುವೆ ಒಟ್ಟು 200 ಮಿಲಿಮೀಟರ್ ಓಡಾಟ ಇದೆ ಎನ್ನಿ. ಕಾರ್ಖಾನೆಯಿಂದ ಬಂದಾಗ ಗಾಡಿ ಸರಿಸುಮಾರು ನಡುವೆ ನಿಂತಿರುತ್ತದೆ: ಮೇಲಕ್ಕೆ 100, ಕೆಳಕ್ಕೆ 100. ಸ್ಪ್ರಿಂಗಿನ ತಟ್ಟೆಯ ಮೇಲೆಯೇ ಬಿಲ್ಲೆ ಕೂರಿಸಿ 45 ಮಿಲಿಮೀಟರ್ ಎತ್ತಿದರೆ ಒಟ್ಟು ಓಡಾಟ ಒಂದಿಷ್ಟೂ ಹೆಚ್ಚುವುದಿಲ್ಲ. ಮೇಲಕ್ಕೆ 145 ಆಗುತ್ತದೆ, ಕೆಳಕ್ಕೆ ಉಳಿಯುವುದು 55. ಗಿಡ್ಡ ಕಂಬಳಿಯ ಕತೆಯೇ, ತಲೆಗೆ ಹೊದ್ದರೆ ಕಾಲು ಬಯಲು. ಹಂಪ್ ದಾಟಿದೊಡನೆ ಚಕ್ರ ಕೆಳಗಿಳಿಯಲು ಹೋಗಿ 55ಕ್ಕೇ ಶಾಕ್ ಅಬ್ಸಾರ್ಬರ್ ಕೊನೆ ಮುಟ್ಟುತ್ತದೆ. ಕೇಳಿಸುವ ಟಕ್ ಅದೇ. ಇದನ್ನು ಗಡುಸುತನವೆಂದು ತಿಳಿದು ಮೆತ್ತನೆಯ ಸ್ಪ್ರಿಂಗ್ ಹುಡುಕಿಕೊಂಡು ಹೋಗುವವರಿದ್ದಾರೆ.

ರಸ್ತೆಯಲ್ಲಿ ಇದು ಬರೀ ಸದ್ದು. ಕಲ್ಲುಹಾದಿಯಲ್ಲಿ ಇದರಿಂದ ಗಾಡಿಯೇ ನಿಂತುಬಿಡಬಹುದು. ಕೊಡಚಾದ್ರಿಯ ಜೀಪು ದಾರಿಯಲ್ಲಿ ಹಳೆಯ ಮಹೀಂದ್ರ ಜೀಪೊಂದು ಹತ್ತುವಾಗ ಚಾಲಕನನ್ನು ಬಿಟ್ಟು ಮುಂದಿನ ಚಕ್ರಗಳನ್ನು ನೋಡಬೇಕು. ಎಡಚಕ್ರ ಮೊಣಕಾಲೆತ್ತರದ ಬಂಡೆ ಏರುತ್ತದೆ. ಎರಡೂ ಚಕ್ರಕ್ಕೆ ಒಂದೇ ಉಕ್ಕಿನ ಹೌಸಿಂಗ್ ಇರುವುದರಿಂದ ಎಡತುದಿ ಎದ್ದಷ್ಟೂ ಬಲತುದಿ ಕೆಳಗೆ ಒತ್ತಿಕೊಳ್ಳುತ್ತದೆ. ಬಲಚಕ್ರದ ಟೈರು ಕೆಸರಿನಲ್ಲಿ ಅಗಲವಾಗಿ ಊರಿರುತ್ತದೆ, ಅದರ ಮೇಲಿನ ಭಾರ ಕರಗುವುದಿಲ್ಲ. ಪಟ್ಟಿ ಸ್ಪ್ರಿಂಗುಗಳು ಕಿರಿಕಿರಿ ಸದ್ದು ಮಾಡುತ್ತವೆ, ಕೂತವರ ಬೆನ್ನು ಮುರಿಯುತ್ತದೆ, ಗಾಡಿ ಮಾತ್ರ ಏರಿಹೋಗುತ್ತದೆ. ಸ್ವತಂತ್ರ ಸಸ್ಪೆನ್ಷನ್ನಿನಲ್ಲಿ ಎಡಚಕ್ರ ಏರಿದ ಸುದ್ದಿ ಬಲಚಕ್ರಕ್ಕೆ ತಲುಪುವುದೇ ಇಲ್ಲ. ಅದು ತನ್ನ ಸ್ಪ್ರಿಂಗ್ ತಳ್ಳಿದಷ್ಟು, ಶಾಕ್ ಬಿಟ್ಟಷ್ಟು ಮಾತ್ರ ಇಳಿಯುತ್ತದೆ. ಆ ಇಳಿತವೂ 100ರಿಂದ 55ಕ್ಕೆ ಬಂದಿದ್ದರೆ ಚಕ್ರ ಬೇಗ ಗಾಳಿಯಲ್ಲಿ ತೇಲುತ್ತದೆ. ತೇಲುವ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ, ಎರಡು ಚಕ್ರಗಳಿಗೆ ಬಲ ಹಂಚುವ ಸಾಧಾರಣ ಡಿಫರೆನ್ಷಿಯಲ್ ಎದುರು ಚಕ್ರಕ್ಕೂ ಅಷ್ಟೇ ಕ್ಷೀಣ ಬಲ ಕೊಡುತ್ತದೆ. ಎತ್ತರ ಹೆಚ್ಚಿಸಿಕೊಂಡ ಗಾಡಿ ಮೊದಲು ಹತ್ತುತ್ತಿದ್ದ ಏರನ್ನೇ ಈಗ ಹತ್ತದೆ ನಿಲ್ಲುವುದು ಹೀಗೆ.

ಹಾಗಾದರೆ ಚಕ್ರಗಳಿಗೆ ಸ್ವಾತಂತ್ರ್ಯ ಯಾಕೆ ಬೇಕಿತ್ತು? ಅದು ಬಂದದ್ದು ಕಾಡಿನ ದಾರಿಗಾಗಿ ಅಲ್ಲ. 1930ರ ದಶಕದ ಆರಂಭದಲ್ಲಿ ಅಮೆರಿಕದ ಕಾರುಗಳು ವೇಗ ಹಿಡಿದಂತೆ ಮುಂದಿನ ಚಕ್ರಗಳು ಹುಚ್ಚೆದ್ದು ಅದುರುತ್ತಿದ್ದವು. ತಿರುಗುವ ಚಕ್ರ ಒಂದು ಬುಗುರಿ. ಅದರ ಅಚ್ಚನ್ನು ಓರೆ ಮಾಡಿದರೆ ಅದು ಆ ಓರೆಗೆ ಅಡ್ಡವಾದ ದಿಕ್ಕಿಗೆ ಹೊರಳಲು ನೋಡುತ್ತದೆ. ಒಂದೇ ಹೌಸಿಂಗಿನಲ್ಲಿ ಒಂದು ಚಕ್ರ ಎದ್ದರೆ ಎರಡರ ಅಚ್ಚೂ ಓರೆಯಾಗುತ್ತದೆ, ಎರಡೂ ಪಕ್ಕಕ್ಕೆ ಹೊರಳುತ್ತವೆ, ಸ್ಟಿಯರಿಂಗ್ ಕೈಯಲ್ಲಿ ಕುಣಿಯುತ್ತದೆ. ರೋಲ್ಸ್ ರಾಯ್ಸ್‌ನಿಂದ ಕ್ಯಾಡಿಲಾಕ್‌ಗೆ ಹೋಗಿದ್ದ ಮಾರಿಸ್ ಓಲಿ ಎಂಬ ಎಂಜಿನಿಯರ್ ಇದಕ್ಕೆ ಮದ್ದು ಹುಡುಕಿದವರಲ್ಲಿ ಮುಖ್ಯ. 1934ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಸ್ವತಂತ್ರ ಮುಂಚಕ್ರಗಳನ್ನು ತಂದಿತು. ಕಾಡುಮೇಡಿನ ಗಾಡಿಗಳು ಮಾತ್ರ ಬಹಳ ಕಾಲ ಹಳೆಯ ಹೌಸಿಂಗನ್ನೇ ನೆಚ್ಚಿಕೊಂಡವು. ಟೊಯೊಟಾ ಲ್ಯಾಂಡ್ ಕ್ರೂಸರ್ ಸಾಲಿನ ದೊಡ್ಡ ಗಾಡಿ ಸ್ವತಂತ್ರ ಮುಂಚಕ್ರಕ್ಕೆ ಬಂದದ್ದು 1998ರ 100 ಸರಣಿಯಲ್ಲಿ. ಆಗಲೂ ಆಸ್ಟ್ರೇಲಿಯಾ, ಆಫ್ರಿಕಾದಂಥ ಕಡೆಗೆ ಹಳೆಯ ಹೌಸಿಂಗ್ ಇಟ್ಟುಕೊಂಡ 105 ಎಂಬ ಜೋಡಿ ಮಾದರಿಯನ್ನೂ ಮಾಡಿ ಕಳಿಸಿದರು.

ಇನ್ನು ಬಿಲ್ಲೆಯ ಎರಡನೇ ಬಗೆ. ಟಕ್ ಎನ್ನಿಸಿದ್ದು ಸ್ಪ್ರಿಂಗಿಗೂ ಅದರ ತಟ್ಟೆಗೂ ನಡುವೆ ಸೇರುವ ಬಿಲ್ಲೆ. ಎರಡನೆಯದು ಲೇಖನದ ಮೊದಲಲ್ಲೇ ಕಂಡದ್ದು, ಸ್ಪ್ರಿಂಗ್–ಶಾಕ್ ಜೋಡಿಯ ನೆತ್ತಿಯ ಮೇಲೆ, ಹೊರಗಡೆ ಕೂರುವಂಥದ್ದು. ಇದು ಅಗ್ಗ, ಸ್ಪ್ರಿಂಗ್ ಬಿಚ್ಚುವ ರಗಳೆ ಇಲ್ಲ, ಒಂದು ಮಧ್ಯಾಹ್ನದ ಕೆಲಸ. ಇಡೀ ಶಾಕ್ ಜೋಡಿಯೇ 25 ಮಿಲಿಮೀಟರ್ ಕೆಳಗೆ ಸರಿಯುವುದರಿಂದ ಚಕ್ರಕ್ಕೆ ಜೋತುಬೀಳಲು ಮೊದಲಿನಷ್ಟೇ 100 ಸಿಗುತ್ತದೆ, ಟಕ್ ಸದ್ದೂ ಇಲ್ಲ. ಗಿರಾಕಿಗೆ ಬಲು ಖುಷಿ. ಪೆಟ್ಟು ಬೀಳುವುದು ಬೇರೆ ಕಡೆ. ಚಾಸಿಯ ಲೆಕ್ಕದಲ್ಲಿ ಚಕ್ರ ಈಗ ವಿನ್ಯಾಸಕಾರ ಗೀಟು ಎಳೆದು ನಿಲ್ಲಿಸಿದ್ದ 100ನ್ನು ದಾಟಿ 145ರವರೆಗೆ ಇಳಿಯುತ್ತದೆ. ಮೇಲಿನ ಆರ್ಮ್ ಸ್ಪ್ರಿಂಗಿಗೆ ತಾಗಬಹುದು, ಬಾಲ್ ಜಾಯಿಂಟ್ ತನ್ನ ಬಟ್ಟಲಿನ ಅಂಚಿಗೆ ಒರಗಬಹುದು, ಬ್ರೇಕಿನ ಹೋಸ್ ಬಿಗಿಯಾಗಿ ಎಳೆದುಕೊಳ್ಳಬಹುದು. ಮೇಲ್ಮುಖವಾಗಿಯೂ ಅಪಾಯ ಇದೆ: ರಬ್ಬರ್ ಸ್ಟಾಪರ್ ಇನ್ನೂ ದೂರವಿರುವಾಗಲೇ ಶಾಕ್ ಒಳಗೆ ತಳ ಹೊಡೆದುಬಿಡುತ್ತದೆ. ನನಗೆ ಕೇಳಿದರೆ, ಎರಡರಲ್ಲಿ ಸದ್ದು ಮಾಡುವ ಬಿಲ್ಲೆಯೇ ವಾಸಿ. ಅದು ತನ್ನ ಮಿತಿಯನ್ನು ಕೂಗಿ ಹೇಳುತ್ತದೆ.

ಹೆಚ್ಚು ಸಂಕಟ ಪಡುವುದು ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಶಾಫ್ಟ್. ಹುಕ್ ಇಲ್ಲಿಯೂ ಎದುರಾಗುತ್ತಾನೆ. ಸ್ಪ್ರಿಂಗಿನ ನಿಯಮವನ್ನು ಅಕ್ಷರಗಳ ಒಗಟಾಗಿ ಮುಚ್ಚಿಟ್ಟು ಪ್ರಕಟಿಸಿದ್ದ 1676ರ ಪುಸ್ತಕದಲ್ಲೇ ಅವನು ಓರೆಯಾದ ಎರಡು ಶಾಫ್ಟ್‌ಗಳನ್ನು ಕೂಡಿಸುವ ಯೂನಿವರ್ಸಲ್ ಜಾಯಿಂಟನ್ನೂ ವಿವರಿಸಿದ್ದ. ಲಾರಿಗಳ ಹೊಟ್ಟೆಯಡಿ ಇಂದಿಗೂ ತಿರುಗುವುದು ಅದೇ ಕೀಲು. ಅದಕ್ಕೊಂದು ದೋಷ. ಈಚೆಯ ಶಾಫ್ಟ್ ಒಂದೇ ವೇಗದಲ್ಲಿ ತಿರುಗಿದರೂ ಆಚೆಯದು ಪ್ರತಿ ಸುತ್ತಿಗೆ ಎರಡು ಸಲ ಮುಗ್ಗರಿಸಿ ಎರಡು ಸಲ ಓಡುತ್ತದೆ. ಕೋನ 30 ಡಿಗ್ರಿ ಆದರೆ ವೇಗ ಶೇ. 13ರಷ್ಟು ಇಳಿದು ಶೇ. 15ರಷ್ಟು ಏರುತ್ತದೆ. ಸ್ಟಿಯರಿಂಗ್ ತಿರುಗುವ ಮುಂಚಕ್ರಕ್ಕೆ ಇದು ಒಗ್ಗದು. 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ರೂಪಿಸಿದ ಕೀಲಿನಲ್ಲಿ ಆರು ಉಕ್ಕಿನ ಗುಂಡುಗಳು ಬಾಗಿದ ತೋಡುಗಳಲ್ಲಿ ಕೂತು, ಯಾವ ಕೋನವಿದ್ದರೂ ಅದನ್ನು ಸರಿಯಾಗಿ ಅರ್ಧಿಸುವ ಸಮತಲದಲ್ಲೇ ಉಳಿಯುತ್ತವೆ. ವೇಗ ಏರುಪೇರಾಗುವುದಿಲ್ಲ. ಅದಕ್ಕೇ ಅದರ ಹೆಸರು ಕಾನ್‌ಸ್ಟಂಟ್ ವೆಲಾಸಿಟಿ, ಅಂದರೆ ಸಿವಿ ಜಾಯಿಂಟ್.

ಗುಂಡುಗಳು ಸುಮ್ಮನೆ ಕೂತಿರುವುದಿಲ್ಲ. ಶಾಫ್ಟ್ ಓರೆಯಾಗಿದ್ದರೆ ಪ್ರತಿ ಸುತ್ತಿಗೂ ಒಂದು ಸಲ ತಮ್ಮ ತೋಡಿನೊಳಗೆ ಹಿಂದೆ ಮುಂದೆ ಓಡಾಡುತ್ತವೆ. ಓರೆ ಹೆಚ್ಚಿದಷ್ಟೂ ಓಟ ಉದ್ದ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಥಾರ್‌ನಂಥ ಗಾಡಿಯ ಚಕ್ರ ನಿಮಿಷಕ್ಕೆ 550 ಸುತ್ತು ಹಾಕುತ್ತದೆ. ಎರಡು ಕೀಲುಗಳ ನಡುವಿನ ಅಂತರ 450 ಮಿಲಿಮೀಟರ್ ಎಂದಿಟ್ಟುಕೊಂಡರೆ, ಮಟ್ಟಸವಾಗಿದ್ದ ಶಾಫ್ಟ್ 45 ಮಿಲಿಮೀಟರ್ ಲಿಫ್ಟ್ ಆದ ಮೇಲೆ ನಿಂತಲ್ಲೇ ಆರು ಡಿಗ್ರಿಯಷ್ಟು ವಾಲಿರುತ್ತದೆ. ಚಕ್ರ ಪೂರ್ತಿ ಜೋತಾಗ ಮೊದಲು ಹನ್ನೆರಡೂವರೆ ಇದ್ದದ್ದು ನೆತ್ತಿಯ ಬಿಲ್ಲೆಯಿಂದ ಹದಿನೆಂಟಕ್ಕೆ ಬರುತ್ತದೆ. ಚಕ್ರದ ಕಡೆಯ ಕೀಲು 45 ಡಿಗ್ರಿಯವರೆಗೂ ತಾಳುತ್ತದೆ. ಡಿಫರೆನ್ಷಿಯಲ್ ಕಡೆಯದು ಬೇರೆ ಜಾತಿ, ಮೂರು ಉರುಳೆಗಳದ್ದು, ಅದರ ತಾಳಿಕೆ ಮುಗಿಯುವುದು 20–25ರ ಸುಮಾರಿಗೆ. ಕೀಲಿಗಿಂತ ಮೊದಲು ಸೋಲುವುದು ಮೇಲಿನ ರಬ್ಬರ್ ಬೂಟು. ಅದರ ಮಡಿಕೆಗಳು ಒಂದಕ್ಕೊಂದು ಉಜ್ಜಿ ಸವೆದು ಸೀಳುತ್ತವೆ. ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಅರ್ಧಚಂದ್ರಾಕಾರದಲ್ಲಿ ಸಿಡಿದಿದ್ದರೆ ಬೂಟು ಹರಿದಿದೆ ಎಂದೇ ಅರ್ಥ. ಮರಳು ಒಳಹೊಕ್ಕ ಮೇಲೆ ಕೀಲಿಗೆ ಹೆಚ್ಚು ಆಯುಷ್ಯವಿಲ್ಲ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎನ್ನತೊಡಗುತ್ತದೆ.

ಇದಕ್ಕೆ ಮಾರುಕಟ್ಟೆ ಕೊಡುವ ಪರಿಹಾರ ಕೇಳಿದರೆ ನಗು ಬರುತ್ತದೆ. ಡಿಫರೆನ್ಷಿಯಲನ್ನೇ ಬಿಲ್ಲೆ ಕೊಟ್ಟು 25 ಮಿಲಿಮೀಟರ್ ಕೆಳಗಿಳಿಸುವುದು! ಶಾಫ್ಟಿನ ಓರೆ ಎರಡೂವರೆ ಡಿಗ್ರಿಗೆ ಇಳಿಯುತ್ತದೆ, ನಿಜ. ಆದರೆ ಸ್ವತಂತ್ರ ಸಸ್ಪೆನ್ಷನ್ ಗಾಡಿಯನ್ನು ಎತ್ತರಿಸಿದಾಗ ಸಿಗುವ ದೊಡ್ಡ ಲಾಭವೇ ಮುಂದಿನ ಡಿಫರೆನ್ಷಿಯಲ್ ಚಾಸಿಯ ಜೊತೆ ಮೇಲೆ ಹೋಗುವುದು. ಕಲ್ಲಿಗೆ ಬಡಿಯುವ ಭಾಗವನ್ನು ಕಲ್ಲಿನ ಹತ್ತಿರಕ್ಕೆ ಮತ್ತೆ ತಂದಂತಾಯಿತು.

ಹಿಂಭಾಗದಲ್ಲಿ ಆ ಲಾಭವೂ ಇಲ್ಲ. ಥಾರ್‌ನ ಹಿಂದಿರುವುದು ಸುರುಳಿ ಸ್ಪ್ರಿಂಗ್ ಹೊತ್ತ ಗಟ್ಟಿ ಹೌಸಿಂಗ್. ಮೇಲೆ ಎಷ್ಟು ದೊಡ್ಡ ಬಿಲ್ಲೆ ಇಟ್ಟರೂ ಹೌಸಿಂಗಿನ ಹೊಟ್ಟೆಗೂ ನೆಲಕ್ಕೂ ನಡುವಿನ ಜಾಗ ಒಂದು ಮಿಲಿಮೀಟರೂ ಹೆಚ್ಚುವುದಿಲ್ಲ. ಕಂಪನಿ ಹೇಳುವ 226 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸಿಗೆ 45 ಕೂಡಿಸಿ 271 ಎಂದು ಬೀಗುವವರು ಹಿಂದೆ ಒಮ್ಮೆ ಬಗ್ಗಿ ನೋಡಬೇಕು. ಹೌಸಿಂಗನ್ನು ನೆಲದಿಂದ ದೂರ ಒಯ್ಯಲು ಟೈರನ್ನೇ ದೊಡ್ಡದು ಮಾಡಬೇಕು. 245/75 ಆರ್ 16ರ ಬದಲು 265/75 ಆರ್ 16 ಹಾಕಿದರೆ ಟೈರಿನ ವ್ಯಾಸ 774ರಿಂದ 804 ಮಿಲಿಮೀಟರಿಗೆ ಏರುತ್ತದೆ, ಅದರ ಅರ್ಧ 15 ಮಿಲಿಮೀಟರ್ ಎಲ್ಲ ಭಾಗಕ್ಕೂ ಸಿಗುತ್ತದೆ. ಕಡಿಮೆ ಎನಿಸಿದರೂ ಅಪ್ಪಟ ಲಾಭ. ಆಮೇಲೆ ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಶೇ. 4ರಷ್ಟು ಜೋರಾಗಿ ಓಡುತ್ತಿರುತ್ತದೆ, ಏರಿನಲ್ಲಿ ಎಳೆತವೂ ಹತ್ತಿರಹತ್ತಿರ ಅಷ್ಟೇ ಕುಗ್ಗಿರುತ್ತದೆ. ಅಸಲಿಗೆ ಎಷ್ಟೋ ಮಂದಿ ಲಿಫ್ಟ್ ಮಾಡಿಸುವುದೇ ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದಿರಲಿ ಎಂದು.

ಲಿಫ್ಟಿನ ನಿಜವಾದ ಫಲ ಕಾಣುವುದು ಹೊಟ್ಟೆ ತಾಗುವ ದಿಬ್ಬಗಳಲ್ಲಿ. 2,450 ಮಿಲಿಮೀಟರ್ ವೀಲ್‌ಬೇಸಿನ ಗಾಡಿಯ ನಡುಹೊಟ್ಟೆ ನೆಲದಿಂದ 290 ಮಿಲಿಮೀಟರ್ ಎತ್ತರದಲ್ಲಿದ್ದರೆ ಅದು ದಾಟಬಲ್ಲ ದಿಬ್ಬದ ಕೋನ ಸುಮಾರು 27 ಡಿಗ್ರಿ. ಹೊಟ್ಟೆ 340ಕ್ಕೆ ಏರಿದರೆ 31. ಕಾಫಿ ತೋಟದ ಮಣ್ಣುದಾರಿಯ ತಲೆಯಲ್ಲಿ ಗಾಡಿ ತಕ್ಕಡಿಯಂತೆ ತೂಗಿ ನಿಲ್ಲುವುದೋ, ದಾಟುವುದೋ ಎಂಬುದನ್ನು ಈ ನಾಲ್ಕು ಡಿಗ್ರಿ ತೀರ್ಮಾನಿಸಬಹುದು. ಹಾಗಾಗಿ ಲಿಫ್ಟ್ ಮಾಡಿಸುವ ಮುನ್ನ ಗಾಡಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ಗೀಚಿದ ಗುರುತುಗಳು ಎಲ್ಲಿವೆ ಎಂದು ಟಾರ್ಚ್ ಹಿಡಿದು ನೋಡುವುದು ಒಳ್ಳೆಯದು. ಗುರುತು ನಡುಹೊಟ್ಟೆಯಲ್ಲಿದ್ದರೆ ಸ್ಪ್ರಿಂಗ್, ಹಿಂದಿನ ಹೌಸಿಂಗಿನಲ್ಲಿದ್ದರೆ ಟೈರು. ಬಂಪರಿನ ಅಂಚಿನಲ್ಲಿ ಮಾತ್ರ ಇದ್ದರೆ ಬಂಪರ್ ಬದಲಿಸಿದರೂ ಸಾಕಾದೀತು.

ಎತ್ತರಕ್ಕೆ ತೆರಬೇಕಾದ ಇನ್ನೊಂದು ಬೆಲೆ ಗುರುತ್ವಕೇಂದ್ರದ್ದು. ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಗಾಡಿ ಎಷ್ಟು ಸುಲಭವಾಗಿ ಮಗುಚುತ್ತದೆ ಎಂಬ ಅಂದಾಜು ಸಿಗುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2001ರ ಮಾದರಿಗಳಿಂದ ಗಾಡಿಗಳಿಗೆ ಮಗುಚುವಿಕೆಯ ಅಂಕ ಕೊಡತೊಡಗಿದ್ದು ಈ ಭಾಗಲಬ್ಧ ಹಿಡಿದೇ. ಚಕ್ರಗಳ ಅಂತರ 1,520, ಕೇಂದ್ರದ ಎತ್ತರ 720 ಎಂದಾದರೆ ಉತ್ತರ 1.06. ಲಿಫ್ಟೂ ದೊಡ್ಡ ಟೈರೂ ಸೇರಿ ಕೇಂದ್ರ 780ಕ್ಕೆ ಹೋದರೆ 0.97. ಕಾಗದದ ಮೇಲೆ ಮಗುಚುವ ಕೋನ ಎರಡು ಡಿಗ್ರಿಯಷ್ಟೇ ಇಳಿದಂತೆ ಕಾಣುತ್ತದೆ. ಸ್ಪ್ರಿಂಗ್, ಟೈರು ಎರಡೂ ಒಂದು ಬದಿಗೆ ಕುಸಿಯುವ ನಿಜವಾದ ಓರೆದಾರಿಯಲ್ಲಿ ಗಾಡಿ ಈ ಲೆಕ್ಕಕ್ಕಿಂತ ಬಹಳ ಮೊದಲೇ ಮಗುಚುತ್ತದೆ.

ಆರ್ಮ್‌ಗಳ ಓರೆ ಬದಲಾದದ್ದರಿಂದ ಚಕ್ರದ ನಿಲುವೂ ಕೆಡುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಚಕ್ರದ ತಲೆ ಹೊರಕ್ಕೆ ವಾಲಿ ಟೈರಿನ ಹೊರಅಂಚು ಸವೆಯುತ್ತದೆ, ಸ್ಟಿಯರಿಂಗ್ ತಾನಾಗಿ ನಡುವಿಗೆ ಮರಳುವ ಗುಣ ಕಡಿಮೆಯಾಗುತ್ತದೆ, ಚಕ್ರವನ್ನು ತಿರುಗಿಸುವ ಟೈ ರಾಡ್ ಓರೆಯಾಗಿ ಪ್ರತಿ ಗುಂಡಿಗೂ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ವೀಲ್ ಅಲೈನ್‌ಮೆಂಟಿನಲ್ಲಿ ಒಂದು ಮಿತಿಯವರೆಗೆ ಸರಿಪಡಿಸಬಹುದು, ಆಚೆಗೆ ಬೇರೆ ಮೇಲಾರ್ಮ್ ಬೇಕು. ಮೂತಿಯನ್ನಷ್ಟೇ ಎತ್ತಿಸಿಕೊಂಡು ಹೆಡ್‌ಲೈಟ್ ತಗ್ಗಿಸದೆ ರಾತ್ರಿ ಘಾಟಿ ಇಳಿಯುವವರ ಬಗ್ಗೆ ಎದುರು ಬರುವ ಬಸ್ ಚಾಲಕರನ್ನು ಕೇಳಬೇಕು.

ಕಂಬಳಿಯನ್ನೇ ಉದ್ದ ಮಾಡಿದವರೂ ಇದ್ದಾರೆ. ಅಮೆರಿಕದ ಸೇನೆಯ ಹಮ್‌ವೀಯಲ್ಲಿ ನಾಲ್ಕೂ ಚಕ್ರ ಸ್ವತಂತ್ರ, ಜೊತೆಗೆ ಪ್ರತಿ ಚಕ್ರದ ನಡುವೆ ಒಂದು ಗೇರುಪೆಟ್ಟಿಗೆ. ಶಾಫ್ಟ್ ಚಕ್ರದ ನಡುಬಿಂದುವಿಗಿಂತ ಮೇಲೆ ಬಂದು ಸೇರಿ ಗೇರಿನ ಮೂಲಕ ಬಲ ಕೆಳಗಿಳಿಯುತ್ತದೆ. ಶಾಫ್ಟ್ ಹೆಚ್ಚು ಓರೆಯಾಗದೆಯೇ ಹೊಟ್ಟೆ ನೆಲದಿಂದ 16 ಇಂಚು, ಅಂದರೆ 406 ಮಿಲಿಮೀಟರ್ ಮೇಲಿರುತ್ತದೆ. ಲ್ಯಾಂಡ್ ರೋವರ್ ಹಿಡಿದದ್ದು ಇನ್ನೊಂದು ದಾರಿ. 2004ರ ಡಿಸ್ಕವರಿ 3ರಲ್ಲಿ ಸ್ಪ್ರಿಂಗಿನ ಜಾಗದಲ್ಲಿ ಗಾಳಿಚೀಲಗಳಿವೆ, ಎಡಬಲದ ಚೀಲಗಳ ನಡುವೆ ಕವಾಟವಿದೆ. ಕಲ್ಲುದಾರಿಯಲ್ಲಿ ಕವಾಟ ತೆರೆದರೆ ಬಂಡೆ ಏರಿದ ಚಕ್ರದ ಗಾಳಿ ಎದುರು ಚೀಲಕ್ಕೆ ಹೋಗಿ ಆ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಕೊಡಚಾದ್ರಿಯ ಜೀಪಿನಲ್ಲಿ ಉಕ್ಕಿನ ಹೌಸಿಂಗ್ ಪುಕ್ಕಟೆ ಮಾಡುವ ಕೆಲಸವಿದು, ಕಂಪ್ಯೂಟರ್ ಇಟ್ಟು ಮಾಡಿಸಿದ್ದಾರೆ. ಹೆದ್ದಾರಿಗೆ ಬಂದಾಗ ಗಾಡಿಯನ್ನು ತಗ್ಗಿಸಿಕೊಳ್ಳುವ ಅನುಕೂಲ ಮಾತ್ರ ಜೀಪಿಗಿಲ್ಲ.

ನಮ್ಮಲ್ಲಿ ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಪಘಾತವಾದಾಗ ವಿಮೆಯವರು ಮೊದಲು ಕಣ್ಣಿಡುವುದು ಇಂಥ ಬದಲಾವಣೆಗಳ ಮೇಲೆ.

ಇಷ್ಟೆಲ್ಲ ತಿಳಿದೂ ಮಾಡಿಸುವವರು ಕೆಲಸ ಮುಗಿಯುವವರೆಗೆ ಗ್ಯಾರೇಜಿನಲ್ಲೇ ನಿಂತಿದ್ದರೆ ಒಳ್ಳೆಯದು. ಆರ್ಮ್‌ಗಳ ಒಳತುದಿಯ ರಬ್ಬರ್ ಬುಷ್ ಬೇರಿಂಗಿನಂತೆ ಜಾರುವುದಿಲ್ಲ. ಅದರ ಒಳಕೊಳವೆಯನ್ನು ಬೋಲ್ಟ್ ಕಚ್ಚಿ ಹಿಡಿದಿರುತ್ತದೆ, ಆರ್ಮ್ ಏರಿಳಿದಾಗ ರಬ್ಬರ್ ತಿರುಚಿಕೊಳ್ಳುತ್ತದೆ. ಗಾಡಿ ಜಾಕಿನ ಮೇಲಿದ್ದು ಚಕ್ರಗಳು ಜೋತಿರುವಾಗಲೇ ಬೋಲ್ಟ್ ಬಿಗಿದರೆ, ಕೆಳಗಿಳಿಸಿದ ಗಳಿಗೆಯಿಂದ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಬಾನೆಟ್ ಒತ್ತಿ ನಾಲ್ಕು ಸಲ ಕುಲುಕಿ, ಹೊಸ ಎತ್ತರಕ್ಕೆ ಅದು ಕೂತ ಮೇಲೆ ಮೆಕ್ಯಾನಿಕ್ ಕೆಳಗೆ ತೂರಿ ಕೊನೆಯ ಬಿಗಿ ಕೊಡಬೇಕು.